ಹಾರುಬೂದಿ ಕಾಂಕ್ರೀಟಿನ ನೆಲ ಪುಡಿಯಾಗುತ್ತಿದ್ದುದು ನಿಂತದ್ದು ಹೇಗೆ

ಗದಗಿನ ಹೊರವಲಯದ ಗೋದಾಮೊಂದರ ನೆಲಕ್ಕೆ ಸಿಮೆಂಟಿನ ಒಂದು ಭಾಗದ ಬದಲು ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಬಳಸಿದಾಗ, ಕಾಂಕ್ರೀಟ್ ಗಟ್ಟಿಯಾಗಲು ತಡವಾಗುತ್ತಿದ್ದುದಲ್ಲದೆ, ಕಸಬರಿಗೆ ಆಡಿಸಿದಾಗಲೆಲ್ಲ ಮೇಲ್ಪದರ ಪುಡಿಯಾಗಿ ಏಳುತ್ತಿತ್ತು. ಗೌಂಡಿಗಳು ಬೂದಿಯನ್ನೇ ದೂರಿದರು. ಕಾರಣ ಮಾತ್ರ ಸಿಮೆಂಟ್ ಚೀಲದ ಮೇಲೆಯೇ ಅಚ್ಚಾಗಿತ್ತು. ಬಂದಿದ್ದುದು ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್. ಅದರಲ್ಲಿ ಶೇ 15ರಿಂದ 35ರಷ್ಟು ಹಾರುಬೂದಿ ಕಾರ್ಖಾನೆಯಲ್ಲೇ ಸೇರಿರುತ್ತದೆ. ಸಿಮೆಂಟ್ ನೀರಿನೊಡನೆ ವರ್ತಿಸುವಾಗ ಹೊರಬರುವ ಸುಣ್ಣದ ಜೊತೆ ಕೂಡಿಯೇ ಬೂದಿ ಬಲ ಕೊಡುವುದರಿಂದ, ಅದರ ಮೇಲೆ ಮತ್ತಷ್ಟು ಬೂದಿ ಸುರಿದರೆ ಸುಣ್ಣ ಸಾಲದೆ, ಹೆಚ್ಚಿನ ಬೂದಿ ಬರೀ ಪುಡಿಯಾಗಿಯೇ ಉಳಿಯುತ್ತದೆ.

ನೆಲದ ಉಳಿದ ಅಂಕಣಗಳಿಗೆ (ಭಾಗಗಳಿಗೆ) 43 ದರ್ಜೆಯ ಒಪಿಸಿ, ಅಂದರೆ ಬೂದಿ ಬೆರೆಸದ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ ತರಿಸಿ, ಬೂದಿಯನ್ನು ಸಿಮೆಂಟ್-ಬೂದಿಯ ಒಟ್ಟು ತೂಕದ ಶೇ 25ಕ್ಕೆ ನಿಲ್ಲಿಸಿ, ನೀರನ್ನು ಅಂದಾಜಿನ ಬದಲು ಅಳತೆಯಿಂದ ಹಾಕಿಸಿದೆ. ಕ್ಯೂರಿಂಗ್ (ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡುವುದು) ಇದಕ್ಕಿಂತ ಮುಖ್ಯವೆಂಬುದು ನನ್ನ ಅಭಿಪ್ರಾಯ. ಒಣ, ಬಿಸಿ ಹವೆಯಲ್ಲಿ ಇಂಥ ಮಿಶ್ರಣಕ್ಕೆ ಕನಿಷ್ಠ 14 ದಿನ ಬೇಕೆಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಸೂಚಿಸುತ್ತದೆ. ಗದಗಿನ ಗಾಳಿಗೆ (ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಕಂಡವರಿಗೆ ಅದರ ಜೋರು ಗೊತ್ತು) ನೀರು ಚಿಮುಕಿಸಿದರೆ ಸಾಲದೆಂದು ಒದ್ದೆ ಗೋಣಿತಟ್ಟು ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿಸಿದೆ. ಹೊಸ ಕಾಂಕ್ರೀಟಿನ ಕ್ಯೂಬುಗಳು (ಬಲ ಪರೀಕ್ಷೆಗೆ ಎರೆದ ಘನಾಕಾರದ ತುಂಡುಗಳು) 7ನೆಯ ದಿನದ ಪರೀಕ್ಷೆಯಲ್ಲಿ ತುಸು ಹಿಂದೆ ಬಿದ್ದರೂ 28ನೆಯ ದಿನಕ್ಕೆ ನಿಗದಿತ ಬಲ ಮುಟ್ಟಿದವು. ಹಳೆಯ ಅಂಕಣಗಳ ಸಡಿಲ ಪದರವನ್ನು ಉಜ್ಜಿ ತೆಗೆಸಿ, ಹೊಸ ಮೇಲ್ಪದರ ಹಾಕಿಸಬೇಕಾಯಿತು.