ಎರೆ ಹೊಲದಲ್ಲಿ ಎಕ್ಸ್70 ಪೈಪ್: ಬಿರುಕು ಬಿಡದ ಜಾಯಿಂಟ್ ಹಾಕುವುದು ಹೇಗೆ?

ಕಲಬುರಗಿ, ಸೇಡಂ ಕಡೆಯ ಎರೆ ಹೊಲದಲ್ಲಿ ಎಕ್ಸ್70 (ತೈಲ, ಗ್ಯಾಸ್ ಸಾಗಿಸುವ ಗಟ್ಟಿ ಉಕ್ಕಿನ) ಪೈಪ್ ಬೆಸೆಯುವವರು ಮೊದಲು ಹೆದರಬೇಕಾದದ್ದು ತೇವಕ್ಕೆ. ತೇವದಲ್ಲಿರುವ ಹೈಡ್ರೋಜನ್ ಕರಗಿದ ಉಕ್ಕಿನೊಳಗೆ ಹೊಕ್ಕು, ವೆಲ್ಡ್ ಪಕ್ಕದ ಗಡಸು ಅಂಚಿಗೆ ಸರಿದು, ಜಾಯಿಂಟ್ ತಣ್ಣಗಾದ ಮೇಲೆ ಸೀಳುತ್ತದೆ. ಇವತ್ತು ನುಣ್ಣಗೆ ಕಂಡದ್ದು ನಾಡಿದ್ದು ಬಿರುಕು ಬಿಟ್ಟಿರುತ್ತದೆ.

7018 ನಂಬರಿನ ವೆಲ್ಡಿಂಗ್ ರಾಡ್ ಎಲ್ಲರ ಕೈಗೂ ಒಗ್ಗಿದ್ದು, ಆದರೆ ಎಳೆತ ತಾಳುವ ಅದರ ಬಲ ಕನಿಷ್ಠ 490 ಎಂಪಿಎ (ಮೆಗಾಪಾಸ್ಕಲ್). ಪೈಪಿಗೆ ಕನಿಷ್ಠ 570 ಇರುತ್ತದೆ. ರೂಟ್‌ಗೆ, ಅಂದರೆ ತಳದ ಮೊದಲ ರನ್‌ಗೆ (ವೆಲ್ಡಿನ ಒಂದು ಪದರಕ್ಕೆ), 2.5 ಮಿ.ಮೀ. 7016, ಮೇಲಿನ ರನ್‌ಗಳಿಗೆ ಹೆಚ್ಚು ಬಲದ 3.15 ಮಿ.ಮೀ. 9018 ಇಟ್ಟುಕೊಳ್ಳಿ. ಸೈಟಿನ ಡಬ್ಲ್ಯೂಪಿಎಸ್ (ಬೆಸೆಯುವ ವಿಧಾನ ಬರೆದ ಪತ್ರ) ಬೇರೆ ಹೇಳಿದ್ದರೆ ಅದೇ ಅಂತಿಮ. ತೇವ ಹಿಡಿದ ರಾಡನ್ನು ಪ್ಯಾಕೆಟ್ ಮೇಲೆ ಬರೆದಂತೆ, ಸಾಮಾನ್ಯವಾಗಿ 350 ಡಿಗ್ರಿಯಲ್ಲಿ 1–2 ಗಂಟೆ, ಬೇಯಿಸಿ 120 ಡಿಗ್ರಿಯ ಓವನ್‌ನಲ್ಲಿಡಿ. ಹೊರಗೆ ತೆಗೆದ 9018 ಒಂದು ಗಂಟೆಯೊಳಗೆ ಉರಿದು ಮುಗಿಯಬೇಕು. ಬಿಸಿಲಿಗೆ ಹರವಿದರೆ ರಾಡ್ ಒಣಗುವುದಿಲ್ಲ.

ಬೆವೆಲ್ (ಪೈಪಿನ ಅಂಚಿನ ಓರೆ) ಒಂದೊಂದು ಬದಿಗೆ 30 ಡಿಗ್ರಿ, ರೂಟ್ ಫೇಸ್ (ಓರೆಯ ತಳದಲ್ಲಿ ಉಳಿಸುವ ನೇರ ಅಂಚು) 1.5, ಎರಡು ಪೈಪಿನ ನಡುವಿನ ಗ್ಯಾಪ್ 2.5–3 ಮಿ.ಮೀ. ಒಳಗೂ ಹೊರಗೂ 25 ಮಿ.ಮೀ. ಅಗಲ ಗ್ರೈಂಡ್ ಮಾಡಿ, ಬೆಳ್ಳಗೆ ಹೊಳೆಯುವವರೆಗೆ. ಎರೆ ಮಣ್ಣು ಒಣಗಿದರೂ ನೀರು ಹಿಡಿದಿರುತ್ತದೆ. ಅದರ ಒಂದು ಚೂರೂ ಉಳಿಯಬಾರದು.

ಮೇ ತಿಂಗಳ ಬಿಸಿಲಿಗೆ ಪೈಪ್ ಕೈ ಸುಟ್ಟರೂ ಅದು ಪ್ರೀಹೀಟ್ (ಬೆಸೆಯುವ ಮುನ್ನ ಕಾಯಿಸುವುದು) ಅಲ್ಲ. ಗ್ಯಾಸ್ ಬರ್ನರ್‌ನಿಂದ ಸುತ್ತಲೂ 100–120 ಡಿಗ್ರಿಗೆ ಕಾಯಿಸಿ, ಅಂಚಿನಿಂದ 75 ಮಿ.ಮೀ. ದೂರದಲ್ಲಿ ಟೆಂಪರೇಚರ್ ಚಾಕ್ (ಗೊತ್ತಾದ ಬಿಸಿಗೆ ಕರಗುವ ಬಳಪ) ಎಳೆದು ನೋಡಿ. ಜ್ವಾಲೆ ತಾಗಿದ ಕೂಡಲೇ ಪೈಪಿನ ಮೇಲೆ ಬೆವರಿನಂತೆ ಹನಿ ಮೂಡುತ್ತದೆ. ಅದು ಉಕ್ಕಿನೊಳಗಿಂದ ಬಂದದ್ದಲ್ಲ, ಗ್ಯಾಸ್ ಉರಿದಾಗ ಹುಟ್ಟುವ ಆವಿ ಇನ್ನೂ ಕಾಯದ ಪೈಪಿಗೆ ತಾಗಿ ನೀರಾದದ್ದು. ಹನಿ ಆರಿತೆಂದು ಬರ್ನರ್ ತೆಗೆಯಬೇಡಿ, ಚಾಕ್ ಕರಗಬೇಕು.

ರೂಟ್ 70–80 ಆಂಪಿಯರ್, ಮೇಲಿನ ರನ್‌ಗಳು 100–130, ಡಿಸಿ, ಕೆಳಗಿನಿಂದ ಮೇಲಕ್ಕೆ. ಆರ್ಕ್ ಗಿಡ್ಡವಾಗಿರಲಿ, ಉದ್ದವಾದರೆ ಗಾಳಿ ಒಳಹೊಕ್ಕು ರಂಧ್ರ ಬೀಳುತ್ತದೆ. ರನ್ ರನ್ ನಡುವೆ ಸ್ಲ್ಯಾಗ್ (ವೆಲ್ಡ್ ಮೇಲೆ ಕಟ್ಟುವ ಕಿಟ್ಟ) ಪೂರ್ತಿ ತೆಗೆಯಿರಿ. ಬಿಸಿ 100ರ ಕೆಳಗಿಳಿಯದಿರಲಿ, 250 ದಾಟದಿರಲಿ.

ರೂಟ್ ಮುಗಿದ ಗಳಿಗೆಯಲ್ಲೂ ಜಾಯಿಂಟ್ ಕೆಡಬಹುದು. ಹಸಿ ಎರೆ ನೆಲ ಕುಸಿದರೆ ಪೈಪಿನ ಭಾರವೆಲ್ಲ ಆ ತೆಳು ರನ್ ಮೇಲೆ ಬೀಳುತ್ತದೆ. ಎರಡೂ ಬದಿಗೆ ಮರದ ದಿಮ್ಮಿ ಕೊಡಿ, ಎರಡನೇ ರನ್ ಆಗುವವರೆಗೆ ಕ್ಲ್ಯಾಂಪ್ ಸಡಿಲಿಸಬೇಡಿ. ಮುಗಿದ ಜಾಯಿಂಟಿಗೆ ಒಣ ಗ್ಲಾಸ್‌ವುಲ್ ಸುತ್ತಿ ನಿಧಾನ ಆರಲು ಬಿಡಿ.

ಅಲ್ಟ್ರಾಸಾನಿಕ್ ಪರೀಕ್ಷೆ 48 ಗಂಟೆಯ ನಂತರ. ಬಿರುಕು ಸಿಕ್ಕರೆ ಮೇಲೊಂದು ರನ್ ಎಳೆದು ಮುಚ್ಚಬೇಡಿ. ತುದಿಯವರೆಗೂ ಗ್ರೈಂಡ್ ಮಾಡಿ, ಬಿರುಕು ತೋರಿಸುವ ಬಣ್ಣ (ಡೈ) ಹಾಕಿ ನೋಡಿ, ಮತ್ತೆ ಕಾಯಿಸಿ ಬೆಸೆಯಿರಿ.