ಬಿಯರ್‌ಗೆ ನಲ್ಲಿ ನೀರನ್ನು ಹದ ಮಾಡುವುದು: ನನ್ನ ಅನುಭವ

ನೀರಿನ ವರದಿ ಕೈಗೆ ಬಂದರೆ ನಾನು ಮೊದಲು ನೋಡುವುದು ಗಡಸುತನವನ್ನಲ್ಲ, ಕ್ಷಾರತೆಯನ್ನು, ಅಂದರೆ ಹುಳಿಯನ್ನು ತಡೆಯುವ ನೀರಿನ ಗುಣವನ್ನು. ತಿಳಿಬಣ್ಣದ ಬಿಯರ್ ಕೆಡುವುದು ಹೆಚ್ಚಾಗಿ ಅಲ್ಲೇ. ನೀರಲ್ಲಿ ಬೈಕಾರ್ಬನೇಟ್ ಜಾಸ್ತಿ ಇದ್ದರೆ ಮ್ಯಾಶ್‌ನ (ಬಿಸಿ ನೀರಲ್ಲಿ ನೆನೆಸಿದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪಿಎಚ್ ಬೇಕಾದಷ್ಟು ಇಳಿಯುವುದಿಲ್ಲ. ಪಿಎಚ್ ಎಂದರೆ ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ. ಆಗ ಮಾಲ್ಟ್ ಸಿಪ್ಪೆಯ ಒಗರು ಬಿಯರ್‌ಗೆ ಇಳಿಯುತ್ತದೆ, ಹಾಪ್ಸ್ ಹೂವಿನ ಕಹಿಯೂ ಒರಟಾಗುತ್ತದೆ.

ಅದಕ್ಕೂ ಮೊದಲು ಕ್ಲೋರಿನ್ ತೆಗೆಯಬೇಕು. ಬರೀ ಕ್ಲೋರಿನ್ ಆದರೆ ಕುದಿಸಿದರೆ ಹೋಗುತ್ತದೆ. ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದು ಉಳಿದರೆ ಬಿಯರ್‌ಗೆ ಔಷಧಿ ವಾಸನೆ ಬಂತೆಂದೇ ಲೆಕ್ಕ. ನಾನು 20 ಲೀಟರ್ ನೀರಿಗೆ ಕ್ಯಾಂಪ್ಡೆನ್ ಎಂಬ ಸಲ್ಫೈಟ್ ಮಾತ್ರೆಯ ಕಾಲು ಭಾಗ ಪುಡಿ ಮಾಡಿ ಕಲಕುತ್ತೇನೆ. ಕೆಲವೇ ನಿಮಿಷದ ಕೆಲಸ.

ನನ್ನ ನಲ್ಲಿ ನೀರಿನ ಕ್ಷಾರತೆ ಲೀಟರಿಗೆ 200 ಮಿಲಿಗ್ರಾಂ ಆಸುಪಾಸು. ಅರ್ಧಕ್ಕರ್ಧ ಆರ್‌ಒ ನೀರು ಬೆರೆಸಿದರೆ ಅದು 100ಕ್ಕೆ ಇಳಿಯುತ್ತದೆ. ಉಳಿದದ್ದಕ್ಕೆ ಲ್ಯಾಕ್ಟಿಕ್ ಆಮ್ಲ. ಮಾಲ್ಟ್ ಹಾಕಿ ಹತ್ತು ನಿಮಿಷ ಬಿಟ್ಟು, ಮ್ಯಾಶ್‌ನಿಂದ ಒಂದು ಸಣ್ಣ ಬಟ್ಟಲು ರಸ ತೆಗೆಯುತ್ತೇನೆ. ಬಟ್ಟಲನ್ನು ತಣ್ಣೀರಲ್ಲಿಟ್ಟು ಆರಿಸಿ, ಆಮೇಲೆ ಮೀಟರ್ ಅದ್ದುತ್ತೇನೆ. ಬಿಸಿ ರಸದಲ್ಲಿ ಅದ್ದಿದರೆ ಮೀಟರಿನ ಆಯಸ್ಸು ಕಡಿಮೆ, ಅಂಕಿಯೂ ಬೇರೆ ಬರುತ್ತದೆ. 5.7 ತೋರಿಸಿದರೆ ಒಂದು ಮಿಲಿಲೀಟರ್ ಆಮ್ಲ ಹಾಕಿ, ಚೆನ್ನಾಗಿ ಕಲಕಿ, ಮತ್ತೆ ಅಳೆಯುತ್ತೇನೆ. 5.2ರಿಂದ 5.6ರೊಳಗೆ ಇದ್ದರೆ ಸಾಕು. ನನಗೆ ಒಪ್ಪುವುದು 5.4. ಈ ಪಿಎಚ್ ಅಳತೆಯೇ ಹುಟ್ಟಿದ್ದು ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ: 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ನಲ್ಲಿ, ರಸಾಯನಶಾಸ್ತ್ರಜ್ಞ ಸೋರೆನ್‌ಸೆನ್ ಕೈಯಲ್ಲಿ. ಹಾಗಾಗಿ ಮೀಟರ್ ನಮ್ಮ ಕೆಲಸಕ್ಕೆ ಹೊರಗಿನದೇನಲ್ಲ, ಅಲ್ವಾ?

ಲವಣಗಳದ್ದು ರುಚಿಯ ಕೆಲಸ. ಹಾಪ್ಸ್ ಎದ್ದು ಕಾಣಬೇಕಾದ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್‌ಗೆ 20 ಲೀಟರಿಗೆ 4 ಗ್ರಾಂ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್), 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತೇನೆ. ಇದರಿಂದ ಲೀಟರಿಗೆ ಸುಮಾರು 110 ಮಿಲಿಗ್ರಾಂ ಸಲ್ಫೇಟ್, 50ರಷ್ಟು ಕ್ಲೋರೈಡ್, 75ರಷ್ಟು ಕ್ಯಾಲ್ಸಿಯಂ ಸೇರುತ್ತದೆ. ಸಲ್ಫೇಟ್ ಜಾಸ್ತಿಯಾದರೆ ಕಹಿ ಚುರುಕಾಗಿ, ಬಾಯಿ ಒಣಗಿದಂತೆ ಆಗುತ್ತದೆ. ಕ್ಲೋರೈಡ್ ಜಾಸ್ತಿಯಾದರೆ ಮಾಲ್ಟ್ ರುಚಿ ತುಂಬಿಕೊಳ್ಳುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಅದು ಗಾಳಿಯ ತೇವ ಹೀರಿ ಗಂಟುಗಟ್ಟುತ್ತದೆ. ಆಮೇಲೆ ತೂಗಿದರೆ ನೀರಿನ ತೂಕವೂ ಸೇರಿಕೊಳ್ಳುತ್ತದೆ.

ಜಿಪ್ಸಮ್ ತುಂಬಿದ ನೀರಿಗೆ ಹೆಸರಾದ ಇಂಗ್ಲೆಂಡಿನ ಬಿಯರ್ ಊರು ಬರ್ಟನ್‌ನ ನೀರಿನ ಅಂಕಿಗಳನ್ನು ಹಾಗೇ ನಕಲು ಮಾಡಲು ಹೋಗುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅಲ್ಲಿಯ ಬಿಯರ್ ತಯಾರಕರೂ ಬಾವಿಯಲ್ಲಿ ಸಿಕ್ಕ ನೀರನ್ನೇ ಹೊಂದಿಸಿಕೊಂಡು ಬಂದವರು. ಅಷ್ಟೊಂದು ಜಿಪ್ಸಮ್ ಸುರಿದರೆ ಬಿಯರ್ ಖನಿಜದ ರುಚಿಗೆ ತಿರುಗುತ್ತದೆ.

ಸ್ಟೌಟ್ ಎಂಬ ಕಪ್ಪು ಬಿಯರ್ ಮಾಡುವಾಗ ಮಾತ್ರ ಲೆಕ್ಕ ತಿರುಗುಮುರುಗು. ಹುರಿದ ಮಾಲ್ಟ್ ತಾನೇ ಹುಳಿ, ನೀರಿನ ಕ್ಷಾರತೆ ಅದನ್ನು ಸರಿದೂಗಿಸುತ್ತದೆ. ಅದಕ್ಕೆ ಕ್ಲೋರಿನ್ ತೆಗೆದ ನಲ್ಲಿ ನೀರನ್ನೇ, ಆರ್‌ಒ ಬೆರೆಸದೆ, ಬಳಸುತ್ತೇನೆ. ಆಮ್ಲದ ಬಾಟಲಿ ತೆರೆಯುವ ಅಗತ್ಯವೇ ಬರುವುದಿಲ್ಲ.