ಪವಿತ್ರೀಕರಿಸು: ಎಲ್ಲಿ ಬರೆಯಬೇಕು, ಎಲ್ಲಿ ಬೇಡ

ಬೆಂಗಳೂರಿನ ಸುಲ್ತಾನ್‌ಪೇಟೆಯ ಅಂಗಡಿಯಲ್ಲಿ ಗೃಹಪ್ರವೇಶದ ಕಾರ್ಡ್ ಮಾಡಿಸುವವರು ಯಾರೂ ‘ಮನೆಯನ್ನು ಪವಿತ್ರೀಕರಿಸುತ್ತಿದ್ದೇವೆ, ಬನ್ನಿ’ ಎಂದು ಬರೆಸುವುದಿಲ್ಲ. ಪದ ತಪ್ಪೇನಲ್ಲ. ಆದರೆ ಕನ್ನಡದಲ್ಲಿ ಪವಿತ್ರವಾಗಿಸುವ ಕೆಲಸವನ್ನು ಹೇಳುವುದು ಒಂದೇ ಪದದಿಂದ ಆಗುವುದಿಲ್ಲ. ನೀರು ಚಿಮುಕಿಸಿದ್ದಕ್ಕೆ ಒಂದು, ವಿಗ್ರಹ ನಿಲ್ಲಿಸಿದ್ದಕ್ಕೆ ಒಂದು, ಸೂತಕ ಕಳೆದದ್ದಕ್ಕೆ ಮತ್ತೊಂದು. ಹಾಗಾಗಿ ಬರೆಯುವ ಮುಂಚೆ ‘ಯಾವುದಕ್ಕೆ ಏನು ಮಾಡಿದರು?’ ಎಂದು ಕೇಳಿಕೊಳ್ಳಿ. ಉತ್ತರದಲ್ಲೇ ಪದ ಸಿಗುತ್ತದೆ.

ಮೊದಲು ‘ಪವಿತ್ರ’. ಸಂಸ್ಕೃತದ ‘ಪೂ’ ಎಂಬ ಧಾತುವಿಗೆ ಶುದ್ಧ ಮಾಡು ಎಂದರ್ಥ. ಯಾವುದರಿಂದ ಶುದ್ಧಿಯಾಗುತ್ತದೋ ಅದು ಪವಿತ್ರ. ಪುರೋಹಿತರು ‘ಪವಿತ್ರ ಹಾಕ್ಕೊಳ್ಳಿ’ ಎಂದರೆ ಬಲಗೈಯ ಉಂಗುರದ ಬೆರಳಿಗೆ ದರ್ಭೆಯ ಉಂಗುರ ಹಾಕಿಕೊಳ್ಳಿ ಎಂದೇ ಅರ್ಥ. ವೈಷ್ಣವ ದೇವಸ್ಥಾನಗಳ ‘ಪವಿತ್ರೋತ್ಸವ’ವೂ ಹಾಗೆ: ವರ್ಷವಿಡೀ ಪೂಜೆಯಲ್ಲಾದ ಲೋಪಗಳ ಪರಿಹಾರಕ್ಕೆ ದೇವರಿಗೆ ‘ಪವಿತ್ರ’ವೆಂಬ ದಾರದ ಮಾಲೆ ಏರಿಸುವ ಉತ್ಸವ. ಅದನ್ನು ‘ಪವಿತ್ರವಾದ ಉತ್ಸವ’ ಎಂದು ಬಿಡಿಸಿ ಬರೆದರೆ ವಿಷಯವೇ ಹೋಯಿತು.

ಪವಿತ್ರವಲ್ಲದ್ದನ್ನು ಪವಿತ್ರವಾಗಿಸುವುದು ‘ಪವಿತ್ರೀಕರಣ’. ಇಲ್ಲಿ ‘ತ್ರೀ’ ದೀರ್ಘವೇ. ‘ಪವಿತ್ರಿಕರಣ’, ‘ಶುದ್ಧಿಕರಣ’ ಎರಡೂ ತಪ್ಪು. ‘ಪವಿತ್ರೀಕರಣಗೊಳಿಸಿದರು’ ಎಂದೂ ಎಳೆಯಬೇಡಿ. ಮಾಡುವ ಅರ್ಥ ‘ಕರಣ’ದಲ್ಲೇ ಇದೆ. ‘ಪವಿತ್ರೀಕರಿಸಿದರು’ ಅಥವಾ ‘ಪಾವನಗೊಳಿಸಿದರು’ ಸಾಕು.

ನೀರಿನ ಕೆಲಸವಾದರೆ ‘ಪ್ರೋಕ್ಷಣೆ’. ವಾಕ್ಯದಲ್ಲಿ ವಿಭಕ್ತಿ ನೋಡಿಕೊಳ್ಳಿ: ‘ಕಲಶದ ನೀರನ್ನು ಮನೆಗೆಲ್ಲ ಪ್ರೋಕ್ಷಿಸಿದರು’ ಸರಿ, ‘ಮನೆಯನ್ನು ಪ್ರೋಕ್ಷಿಸಿದರು’ ಎಂದರೆ ಕಿವಿಗೆ ಒರಟು. ಮಗು ಹುಟ್ಟಿದ ಮನೆಯಲ್ಲಿ ಪುರುಡು ಕಳೆದು ಹನ್ನೊಂದನೇ ದಿನ ಮಾವಿನೆಲೆಯಲ್ಲಿ ನೀರು ಚಿಮುಕಿಸುತ್ತಾರಲ್ಲ, ಅದಕ್ಕೆ ಮಾತಿನಲ್ಲಿ ‘ಪುಣ್ಯಾಹ’. ಪೂರ್ತಿ ಹೆಸರು ‘ಪುಣ್ಯಾಹವಾಚನ’. ಪುಣ್ಯ ಮತ್ತು ಅಹ, ಅಂದರೆ ಒಳ್ಳೆಯ ದಿನ. ಯಜಮಾನರು ‘ಒಳ್ಳೆಯ ದಿನವೆನ್ನಿ’ ಎಂದು ಕೇಳಿ ಪುರೋಹಿತರ ಬಾಯಲ್ಲಿ ಹೇಳಿಸುವುದು ‘ವಾಚನ’. ‘ಪುಣ್ಯಾವಚನ’ ಎಂದು ಅಚ್ಚಾದರೆ ‘ಹ’ ಬಿದ್ದುಹೋಗಿದೆ, ‘ವಾ’ ಗಿಡ್ಡವಾಗಿದೆ ಎಂದು ತಿಳಿಯಿರಿ.

ಅತಿ ಹೆಚ್ಚು ಎಡವುವುದು ‘ಪ್ರತಿಷ್ಠೆ’ಯಲ್ಲಿ. ಗಣೇಶನ ಹಬ್ಬದಲ್ಲಿ ಬೀದಿಗೆರಡು ಬ್ಯಾನರ್, ಅದರಲ್ಲೊಂದು ‘ಪ್ರತಿಷ್ಟಾಪನೆ’. ಒತ್ತಕ್ಷರ ಠ, ಟ ಅಲ್ಲ. ಮೊಬೈಲಿನಲ್ಲಿ ಟೈಪ್ ಮಾಡುವಾಗ ಇದೊಂದನ್ನು ದೊಡ್ಡದು ಮಾಡಿ ನೋಡಿ. ಮೂಲ ಅರ್ಥ ನೆಲೆಯಾಗಿ ನಿಲ್ಲುವುದು. ಆದ್ದರಿಂದ ಎಲ್ಲಿ ಎಂಬುದು ವಾಕ್ಯದಲ್ಲಿರಲಿ: ‘ಗರ್ಭಗುಡಿಯಲ್ಲಿ ವಿಗ್ರಹವನ್ನು ಪ್ರತಿಷ್ಠಾಪಿಸಿದರು’. ವಿಗ್ರಹಕ್ಕೆ ಮಂತ್ರದಿಂದ ಚೈತನ್ಯ ತುಂಬುವ ಘಟ್ಟ ‘ಪ್ರಾಣಪ್ರತಿಷ್ಠೆ’. ನಡುವೆ ಜಾಗ ಬಿಡದೆ ಬರೆಯಿರಿ. ದೇವಸ್ಥಾನ ಜೀರ್ಣೋದ್ಧಾರವಾಗಿದ್ದರೆ ಶೈವರ ಪತ್ರಿಕೆಯಲ್ಲಿ ‘ಕುಂಭಾಭಿಷೇಕ’, ವೈಷ್ಣವರಲ್ಲಿ ‘ಸಂಪ್ರೋಕ್ಷಣೆ’ ಸಾಮಾನ್ಯ. ಯಾವ ಗುಡಿ ಎಂದು ಕೇಳದೆ ಡಿಟಿಪಿಯವರು ಹಳೇ ಫೈಲನ್ನೇ ತಿದ್ದಿದರೆ ಅರ್ಚಕರು ಪ್ರೂಫ್ ವಾಪಸ್ ಕಳಿಸುತ್ತಾರೆ. ಜೈನ ಬಸದಿಯಲ್ಲಿ ಜಿನಬಿಂಬದ, ಅಂದರೆ ತೀರ್ಥಂಕರರ ಮೂರ್ತಿಯ, ಪ್ರತಿಷ್ಠೆಯ ವಿಧಿ ‘ಪಂಚಕಲ್ಯಾಣ’. ಶ್ರವಣಬೆಳಗೊಳದಲ್ಲಿ 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕ ಪ್ರತಿಷ್ಠೆಯಲ್ಲ, ಪ್ರತಿಷ್ಠೆಯಾದ ಮೂರ್ತಿಗೆ ಅಭಿಷೇಕ.

ನಾಯಕರ ಪುತ್ಥಳಿಗೆ ಪ್ರತಿಷ್ಠಾಪನೆ ಬೇಡ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ 108 ಅಡಿಯ ಕೆಂಪೇಗೌಡರ ಪ್ರತಿಮೆಗೆ 2022ರ ನವೆಂಬರ್ 11ರಂದು ಆದದ್ದು ‘ಅನಾವರಣ’. ಮನುಷ್ಯರನ್ನು ಧರ್ಮಕಾರ್ಯಕ್ಕೆ ಸೇರಿಸಿಕೊಂಡರೆ ‘ದೀಕ್ಷೆ’: ಲಿಂಗಾಯತರಲ್ಲಿ ಲಿಂಗದೀಕ್ಷೆ, ಕ್ಯಾಥೊಲಿಕರಲ್ಲಿ ಪಾದ್ರಿಗಳಾಗುವವರಿಗೆ ಗುರುದೀಕ್ಷೆ.

ಹಾಗಾದರೆ ‘ಪವಿತ್ರೀಕರಿಸು’ ಎಲ್ಲಿ ಬೇಕು? ನೀರಿಲ್ಲ, ವಿಗ್ರಹವಿಲ್ಲ, ದೇವರಿಗೆಂದು ಬೇರೆ ಮಾಡಿಟ್ಟದ್ದು ಮಾತ್ರ ಇದೆ ಎನ್ನುವಲ್ಲಿ. ‘ದೇವರು ಏಳನೆಯ ದಿನವನ್ನು ಪವಿತ್ರೀಕರಿಸಿದರು’ ಎಂಬ ಕ್ರೈಸ್ತ ವಾಕ್ಯಕ್ಕೆ ಪ್ರೋಕ್ಷಣೆಯೂ ಹೊಂದದು, ಪ್ರತಿಷ್ಠೆಯೂ ಹೊಂದದು.

ಇದೇ ಭಾವಕ್ಕೆ ಅಚ್ಚಕನ್ನಡದ ಮಾತೂ ಇದೆ: ‘ಮೀಸಲು’. ಯಾರೂ ಮುಟ್ಟದೆ, ಎಂಜಲಾಗದೆ ದೇವರಿಗೆಂದು ತೆಗೆದಿಟ್ಟದ್ದು ಮೀಸಲು. ಈಗ ಬಸ್ಸಿನ ಸೀಟಿಗೂ ನೌಕರಿಗೂ ಅದೇ ಪದ ಹೋಗಿರುವುದರಿಂದ ಬರಹದಲ್ಲಿ ‘ದೇವರಿಗೆ ಮೀಸಲಿಟ್ಟ’ ಎಂದು ಬಿಡಿಸಿ ಹೇಳಬೇಕು. ಹರಕೆಯ ಕಾಸಾದರೆ ‘ಮುಡಿಪು’. ಅರಿಶಿನದ ಬಟ್ಟೆಯ ತುಂಡಿನಲ್ಲಿ ನಾಣ್ಯ ಕಟ್ಟಿ ದೇವರ ಗೂಡಿನಲ್ಲಿಟ್ಟು ‘ತಿಮ್ಮಪ್ಪನಿಗೆ ಮುಡಿಪು ಕಟ್ಟಿದ್ದೀನಿ’ ಎನ್ನುವ ಅಜ್ಜಿಯ ಮಾತನ್ನು ‘ನಾಣ್ಯವನ್ನು ಪವಿತ್ರೀಕರಿಸಿದ್ದೇನೆ’ ಎಂದು ತಿದ್ದಲು ಹೋಗಬೇಡಿ.